ಸಣ್ಣ ಗೆರೆಯೊಳಗಿನ ಕಡ್ಡಿ

ಮದುವೆ ಛತ್ರದ ಬಾಗಿಲಲ್ಲಿ ಹುಡುಗ ಹುಡುಗಿಯ ಹೆಸರು ದೊಡ್ಡ ದೊಡ್ಡ ಅಕ್ಷರಗಳಲ್ಲಿ ನಿಂತಿರುತ್ತದಲ್ಲ, ಮೇಲೆ ಬಂಗಾರದ ಬಣ್ಣದ ಪುಡಿ ಉದುರಿಸಿ, ಸುತ್ತ ಚೆಂಡುಹೂವಿನ ಸರ ಇಳಿಬಿಟ್ಟು, ಆ ಅಕ್ಷರಗಳನ್ನು ಥರ್ಮೋಕೋಲಿನಲ್ಲಿ ಕತ್ತರಿಸುವವಳು ನಾನು. ಹಿಂದೂಪುರದ ಮನೆಯಲ್ಲಿ ಕೂತು ಕತ್ತರಿಸುತ್ತೇನೆ, ಕಲ್ಯಾಣದುರ್ಗದವರೆಗೂ ಹೋಗುತ್ತವೆ. ಊಟಕ್ಕೆ ಮುಂಚೆ ಜನ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಊಟವಾದ ಮೇಲೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಮಾರನೆಯ ದಿನ ಛತ್ರದ ಹಿಂದೆ ಎಂಜಲೆಲೆಗಳ ಜೊತೆ ಬಿದ್ದಿರುತ್ತವೆ. ಇಷ್ಟು ವರ್ಷವಾದ ಮೇಲೆ ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವ ತ್ರಾಣ ನನ್ನಲ್ಲಿ ಉಳಿದಿಲ್ಲ.

ತಲೆ ಚಿಟ್ಟು ಹಿಡಿಯುವುದು ಒಂದೇ ಮಾತಿಗೆ. "ದಪ್ಪ ಹಾಕಕ್ಕ, ದೂರಕ್ಕೆ ಕಾಣ್ಬೇಕು." ಬಂದವರೆಲ್ಲ ಹೇಳುವುದು ಇದನ್ನೇ. ಹಿಂದೂಪುರದ ಮೇನ್ ರೋಡಿನಲ್ಲಿ ಒಂದು ಸಲ ನಡೆದು ನೋಡಬೇಕು. ಹುಟ್ಟುಹಬ್ಬದ ಫ್ಲೆಕ್ಸು, ಸೀರೆ ಅಂಗಡಿ, ಹಲ್ಲಿನ ಡಾಕ್ಟರು, ಕೋಚಿಂಗ್ ಸೆಂಟರು, ತೀರಿಹೋದವರಿಗೆ ಶ್ರದ್ಧಾಂಜಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ, ಅಲ್ಲೊಂದು ಇಲ್ಲೊಂದು ನಮ್ಮ ಕನ್ನಡದಲ್ಲಿ, ಎಲ್ಲವೂ ದಪ್ಪ. ಎಲ್ಲರೂ ಒಟ್ಟಿಗೆ ಕೂಗುವ ಸಂತೆಯಲ್ಲಿ ಯಾರ ಕೂಗೂ ಕಿವಿಗೆ ಬೀಳುವುದಿಲ್ಲ. ದಪ್ಪ ಗೆರೆ ದಪ್ಪವಾಗಿ ಕಾಣಬೇಕಾದರೆ ಪಕ್ಕದಲ್ಲಿ ಒಂದು ಸಣ್ಣ ಗೆರೆ ಇರಬೇಕು. ಇದನ್ನು ಗಿರಾಕಿಗಳಿಗೆ ವಿವರಿಸಿ ಹೇಳುವುದನ್ನು ಯಾವತ್ತೋ ಬಿಟ್ಟೆ. "ಆಗಲಿ, ದಪ್ಪ ಮಾಡ್ತೀನಿ" ಅನ್ನುತ್ತೇನೆ, ದಪ್ಪವನ್ನು ಮುಟ್ಟುವುದಿಲ್ಲ, ಸಣ್ಣದನ್ನು ಇನ್ನೊಂದು ಚೂರು ಸಣ್ಣ ಮಾಡುತ್ತೇನೆ. ಅವರು ಬಂದು ನೋಡಿ "ಈಗ ನೋಡಕ್ಕ, ದಪ್ಪ ಅಂದ್ರೆ ಇದು" ಎಂದು ಹೊತ್ತುಕೊಂಡು ಹೋಗುತ್ತಾರೆ.

ಈ ಅಕ್ಷರವನ್ನು ನಾವು ದಪ್ಪಸಣ್ಣ ಎಂದು ಕರೆಯುತ್ತೇವೆ. ಒಂದೇ ಅಕ್ಷರದಲ್ಲಿ ಒಂದು ಗೆರೆ ಬಾಳೆದಿಂಡಿನಷ್ಟು, ಇನ್ನೊಂದು ಗೆರೆ ದಾರದಷ್ಟು. ಗೆರೆಯ ತುದಿಯಲ್ಲಿ ಅಡ್ಡಡ್ಡಲಾಗಿ ಸಣ್ಣದೊಂದು ಪಟ್ಟಿ, ಅದಕ್ಕೆ ನಮ್ಮ ಭಾಷೆಯಲ್ಲಿ ಪಾದ. ಕಂಪ್ಯೂಟರ್ ಅಂಗಡಿಯವರು ಸೆರಿಫ್ ಅನ್ನುತ್ತಾರೆ. ಇದನ್ನು ನನಗೆ ಕಲಿಸಿದ್ದು ನಮ್ಮನೆಯವರು. ಅವರು ಬೋರ್ಡು ಬರೆಯುವವರಾಗಿದ್ದರು, ಅಂಗಡಿ ಬೋರ್ಡು, ಲಾರಿಯ ಹಣೆ, ಶಾಲೆಯ ಗೋಡೆ. ಫ್ಲೆಕ್ಸ್ ಬಂದು ಬ್ರಷ್ಷಿಗೆ ಕೆಲಸವಿಲ್ಲದಾದಾಗ ಮದುವೆಯ ಅಕ್ಷರಕ್ಕೆ ಬಂದರು. ಅವರ ಪಾಠ ಬಹಳ ಸರಳ. ಬ್ರಷ್ಷು ಕೆಳಕ್ಕೆ ಇಳಿಯುವಾಗ ಕೈ ಊರಬೇಕು, ಅಲ್ಲಿ ದಪ್ಪ. ಮೇಲಕ್ಕೆ ಏರುವಾಗ ಕೈ ಎತ್ತಬೇಕು, ಅಲ್ಲಿ ಸಣ್ಣ. ಇಂಗ್ಲಿಷಿನ ವಿ ಬರೆಯುವಾಗ ಮೊದಲು ಇಳಿಯುತ್ತೇವೆ, ಆಮೇಲೆ ಏರುತ್ತೇವೆ, ಆದ್ದರಿಂದ ಎಡಗಡೆ ದಪ್ಪ, ಬಲಗಡೆ ಸಣ್ಣ. ಎ ಅದರ ತಿರುವುಮುರುವು. ಎನ್ ಬರೆಯುವಾಗ ಮೊದಲು ಏರಬೇಕು, ಆಮೇಲೆ ಓರೆಯಾಗಿ ಇಳಿಯಬೇಕು, ಮತ್ತೆ ಏರಬೇಕು. ಹಾಗಾಗಿ ನಿಂತ ಕಾಲು ಎರಡೂ ಸಣ್ಣ, ನಡುವಿನ ಓರೆ ಮಾತ್ರ ದಪ್ಪ. ಅಷ್ಟು ದೊಡ್ಡ ದಿಂಡನ್ನು ಎರಡು ಕಡ್ಡಿಕಾಲು ಹೊತ್ತು ನಿಲ್ಲಬೇಕು. ಈ ಎನ್ ಅಕ್ಷರ ನನಗೆ ಕೊಟ್ಟಷ್ಟು ಕಾಟ ಅತ್ತೆ ಮನೆಯವರೂ ಕೊಟ್ಟಿಲ್ಲ.

ನಾನು ನೇಯುವವರ ಮನೆ ಮಗಳು. ಅಪ್ಪ ಸೀರೆ ಬಾರ್ಡರಿನ ಡಿಸೈನನ್ನು ಚೌಕದ ಹಾಳೆಯಲ್ಲಿ ಬರೆಯುತ್ತಿದ್ದರೆ ನಾನೂ ತಂಗಿಯೂ ಪಕ್ಕದಲ್ಲಿ ಕೂತು ಚೌಕಗಳಿಗೆ ಬಣ್ಣ ತುಂಬುತ್ತಿದ್ದೆವು. ಗೆರೆ ಒಂದು ಮನೆ ಆಚೆ ಈಚೆ ಆದರೆ ಇಡೀ ಸೀರೆ ಕೆಡುತ್ತದೆ ಎಂಬ ಹೆದರಿಕೆ ಅಲ್ಲೇ ಕೈಗೆ ಹತ್ತಿತ್ತು. ಹಾಗಾಗಿ ಥರ್ಮೋಕೋಲು ಕತ್ತರಿಸುವುದಕ್ಕೆ ಕೂತಾಗ ನನ್ನ ಕೈ ನಮ್ಮನೆಯವರ ಕೈಗಿಂತ ಚೆನ್ನಾಗಿ ಓಡಿತು. ಅವರೇ ಒಪ್ಪಿಕೊಂಡು, ಕರೆಂಟಿಗೆ ಕಾಯುವ ತಂತಿ ಬಿಗಿದ ಬಿಲ್ಲನ್ನು ನನಗೆ ಬಿಟ್ಟುಕೊಟ್ಟರು. ಕಾದ ತಂತಿ ಥರ್ಮೋಕೋಲಿನಲ್ಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ, ಹೊಗೆ ಮಾತ್ರ ಗಂಟಲು ಕೆರೆಯುತ್ತದೆ. ನಾನು ಕತ್ತರಿಸುವುದು, ಅವರು ಹೊತ್ತುಕೊಂಡು ಹೋಗಿ ಛತ್ರದಲ್ಲಿ ಏಣಿ ಹತ್ತಿ ನಿಲ್ಲಿಸುವುದು. ಹೊರಗಿನವರಿಗೆ ಅವೆಲ್ಲ ಅವರ ಅಕ್ಷರಗಳೇ. ನನಗೂ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ, ಬಿಸಿಲಲ್ಲಿ ಏಣಿ ಹತ್ತುವುದು ತಪ್ಪಿತಲ್ಲ ಅಂದುಕೊಳ್ಳುತ್ತಿದ್ದೆ.

ಮೊದಲ ಮದುವೆಯ ಕಥೆ ನೆನೆದರೆ ಈಗಲೂ ನಗು ಬರುತ್ತದೆ. ಬೋರ್ಡು ಬರೆದು ಬರೆದು ಅಭ್ಯಾಸವಾದ ಮನುಷ್ಯ, ಅಕ್ಷರ ಅಂದಮೇಲೆ ಎನಾಮಲ್ ಪೇಂಟು ಅಂತ ಅವರ ತಲೆಯಲ್ಲಿ ಕೂತಿತ್ತು. ನಾನು ಬೆಳಗಿಂದ ಕೂತು ಕತ್ತರಿಸಿದ ಅಕ್ಷರಗಳಿಗೆ ಕೆಂಪು ಎನಾಮಲ್ ಬಳಿದು, ಒಣಗಲಿ ಎಂದು ಟೀ ಕುಡಿಯಲು ಹೋದರು. ಬರುವಷ್ಟರಲ್ಲಿ ಪೇಂಟು ಥರ್ಮೋಕೋಲನ್ನು ತಿಂದು ಹಾಕಿತ್ತು. ಸಣ್ಣ ಗೆರೆಗಳೆಲ್ಲ ಮಂಗಮಾಯ, ದಪ್ಪ ಗೆರೆಗಳು ಇಲಿ ಕಡಿದ ಬೆಲ್ಲದಚ್ಚಿನಂತೆ ಬಿದ್ದಿದ್ದವು. "ಏನೇ ಇದು, ಕರಗೋಯ್ತಲ್ಲೇ" ಎಂದು ಬ್ರಷ್ಷು ಹಿಡಿದು ನಿಂತಿದ್ದರು. ನೀರಿನ ಬಣ್ಣ ತಂದು ಎಲ್ಲವನ್ನೂ ಹೊಸದಾಗಿ ಮಾಡಿದೆವು. ಆಮೇಲೆ ಅವರಿಗೆ ಸಿಟ್ಟು ಬಂದಾಗಲೆಲ್ಲ ನಾನು "ಎನಾಮಲ್ ತರಲಾ?" ಎಂದು ಕೇಳುತ್ತಿದ್ದೆ.

ಗಿರಾಕಿಗಳ ಆಸೆಗೆ ಕೊನೆಯಿಲ್ಲ. ಗಡಿಯಾಚೆ ನೆಂಟಸ್ತನವಿರುವ ಕೆಲವರು ಕನ್ನಡದಲ್ಲಿ ಹೆಸರು ಕೇಳುತ್ತಾರೆ. ಸಂತೋಷ, ನನಗೂ ಕನ್ನಡ ಬರೆಯುವುದು ಇಷ್ಟ. ಆದರೆ "ಇಂಗ್ಲಿಷ್ನಾಗೆ ಐತಲ್ಲ ಪಾದ, ಅಂಥಾವು ಕನ್ನಡಕ್ಕೂ ಹಾಕು" ಅನ್ನುತ್ತಾರೆ. ಕನ್ನಡದ ಅಕ್ಷರ ದುಂಡಗೆ, ತಲೆಯ ಮೇಲೊಂದು ತಲೆಕಟ್ಟು ಇಟ್ಟುಕೊಂಡು ತನ್ನ ಪಾಡಿಗೆ ತಾನು ಕೂತಿರುತ್ತದೆ. ಅದಕ್ಕೆ ಪಾದ ಹಚ್ಚಿದರೆ ಸೀರೆಯುಟ್ಟು ಬೂಟು ಹಾಕಿದ ಹಾಗೆ ಕಾಣುತ್ತದೆ. ಮೊದಮೊದಲು ವಾದ ಮಾಡುತ್ತಿದ್ದೆ. ಈಗ ಹಚ್ಚಿ ಕೊಡುತ್ತೇನೆ.

ಸಣ್ಣ ಗೆರೆಯ ಕಷ್ಟ ಹಿಂದೂಪುರದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಕಲ್ಯಾಣದುರ್ಗದಲ್ಲಿ. ಬಸ್ಸು ರೊದ್ದಂ ದಾಟಿ ಮುಂದೆ ಹೋದಂತೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ಕಾಣುತ್ತವೆ. ಕಂಪನಿಯವರು ಸುಮ್ಮನೆ ತಂದು ನೆಟ್ಟಿಲ್ಲ. ಆಷಾಢ ಶ್ರಾವಣದಲ್ಲಿ ಅಲ್ಲಿ ಬೀಸುವ ಗಾಳಿಗೆ ಒಣಹಾಕಿದ ಪಂಚೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಆದರೆ ಶ್ರಾವಣ ಬಂದ ಕೂಡಲೇ ಛತ್ರಗಳೆಲ್ಲ ಭರ್ತಿ, ಗಾಳಿ ಮಾತ್ರ ಆಷಾಢದ್ದೇ. ದಾರದಂಥ ಗೆರೆಗಳು ಒಂದೊಂದಾಗಿ ಮುರಿದು ಹಾರಿ, ಬರೀ ದಪ್ಪ ತುಂಡುಗಳು ಉಳಿದು, ಹೆಸರು ಯಾರದೆಂದು ಯಾರಿಗೂ ತಿಳಿಯದ ಹಾಗೆ ಆಗಿದ್ದೂ ಉಂಟು.

ಅದಕ್ಕೆ ಉಪಾಯ ಕಂಡುಹಿಡಿದದ್ದು ನಾನೇ. ತೆಂಗಿನ ಗರಿಯ ಪೊರಕೆಯಿಂದ ಕಡ್ಡಿ ಹಿರಿದು, ಸಣ್ಣ ಗೆರೆಯೊಳಗೆ ಉದ್ದಕ್ಕೆ ತೂರಿಸಿ, ಎರಡೂ ತುದಿಯನ್ನು ದಪ್ಪದೊಳಕ್ಕೆ ನೆಟ್ಟರೆ ಗೆರೆ ಬಾಗುತ್ತದೆ, ಮುರಿಯುವುದಿಲ್ಲ. ತಂತಿ ಹಾಕಿದರೆ ಥರ್ಮೋಕೋಲು ಸೀಳುತ್ತದೆ, ಬಿದಿರು ಸೀಳಿದರೂ ಅಷ್ಟು ಸಣ್ಣಗೆ ಸೀಳುವುದಕ್ಕಾಗುವುದಿಲ್ಲ. ಪೊರಕೆ ಕಡ್ಡಿಯೊಂದೇ ಹೇಳಿ ಮಾಡಿಸಿದಂತಿತ್ತು. ಆದರೆ ಮದುವೆಯ ಮನೆಗೆ ಪೊರಕೆ! ಮದುವೆಹೆಣ್ಣು ಒಳಗೆ ಬರುವ ದಾರಿಯಲ್ಲಿ ಪೊರಕೆ ಕಂಡರೆ ತಟ್ಟನೆ ಮೂಲೆಗೆ ಸರಿಸುವ ಜನ ನಾವು. ನಮ್ಮನೆಯವರು ಮೊದಲು ಬೆಚ್ಚಿಬಿದ್ದರು, ಆಮೇಲೆ "ಒಳಗಿರೋದು ಯಾರಿಗ್ ಕಾಣ್ತೈತೆ ಬಿಡು" ಎಂದರು. ಅಂದಿನಿಂದ ಈ ಸೀಮೆಯ ಎಷ್ಟೋ ಮದುವೆಗಳ ಹೆಸರು ಪೊರಕೆ ಕಡ್ಡಿಯ ಮೇಲೆ ನಿಂತಿವೆ. ಆ ದಂಪತಿಗಳೆಲ್ಲ ಎಲ್ಲ ದಂಪತಿಗಳ ಹಾಗೆಯೇ ಜಗಳವಾಡಿಕೊಂಡು ಚೆನ್ನಾಗಿದ್ದಾರೆ. ಈ ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೆ, ಮತ್ತೆ ನನ್ನ ತಂಗಿಗೆ.

ಹೋದ ವರ್ಷ ನಮ್ಮನೆಯವರು ತೀರಿಕೊಂಡರು. ಎದೆ ನೋವು ಅಂದವರು ಆಸ್ಪತ್ರೆ ಬಾಗಿಲು ಮುಟ್ಟಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಮೂಲೆಯಲ್ಲಿ ಒರಗಿಸಿದ್ದ ತಂತಿಯ ಬಿಲ್ಲನ್ನು ನೋಡಿ ಇನ್ನು ಇದು ಮುಗಿಯಿತು ಅಂದುಕೊಂಡೆ. ಗಂಡ ಸತ್ತವಳು ಕತ್ತರಿಸಿದ ಹೆಸರನ್ನು ಮದುವೆ ಬಾಗಿಲಿಗೆ ಯಾರು ಕಟ್ಟುತ್ತಾರೆ? ಕಲ್ಯಾಣದುರ್ಗದ ಡೆಕೋರೇಷನ್ ಮಾಡುವವನು ಒಂದು ದಿನ ಲಗೇಜ್ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ. ತೆಲುಗಿನವನು, ಕನ್ನಡ ಅರ್ಧಂಬರ್ಧ. "ಅಕ್ಷರಾಲಕಿ ಕುಂಕುಮ ಪೆಟ್ಟಂ ಕದಕ್ಕಾ. ನೀವು ಮಾಡಿ ಕೊಡಿ, ನಾನ್ ತಗೊಂಡ್ ಹೋಯ್ತೀನಿ" ಎಂದ. ಅಕ್ಷರಕ್ಕೇನು ಕುಂಕುಮ ಇಡುತ್ತೇವೆಯೇ ಎಂಬುದು ಅವನ ನ್ಯಾಯ. ಅವನು ಹೊಟ್ಟೆಪಾಡಿಗೆ ಹೇಳಿದ, ನಾನು ಹೊಟ್ಟೆಪಾಡಿಗೆ ಒಪ್ಪಿಕೊಂಡೆ. ಯಾರ ಮದುವೆ, ಎಂಥ ಜನ ಒಂದೂ ಗೊತ್ತಿಲ್ಲ, ಹೆಸರು ಮಾತ್ರ ಫೋನಿನಲ್ಲಿ ಬರುತ್ತದೆ. ಅಕ್ಷರಗಳು ಹೋಗುತ್ತವೆ. ಯಾರೂ ಕೇಳುವುದಿಲ್ಲ.

ಕೇಳುವ ಪ್ರಸಂಗ ಬಂದದ್ದು ನಮ್ಮ ಮನೆಯ ಮದುವೆಗೇ. ತಂಗಿಯನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ, ಬಟ್ಟೆ ಅಂಗಡಿಯವರ ಮನೆಗೆ. ಅವಳ ಮಗಳಿಗೆ ಕುಂದುರ್ಪಿ ಕಡೆಯ ಹುಡುಗ ಗೊತ್ತಾದ. ರಜೆ ಬಂದರೆ ಹಿಂದೂಪುರಕ್ಕೆ ಬಂದು, ಮಕ್ಕಳಿಲ್ಲದ ನನ್ನ ಮಡಿಲಲ್ಲೇ ಆಡಿ ಬೆಳೆದ ಹುಡುಗಿ ಅದು. ಥರ್ಮೋಕೋಲಿನ ಚೂರುಗಳನ್ನು ತಲೆಗೆ ಸುರಿದುಕೊಂಡು ಮಳೆ ಬಂತು ಎಂದು ಕುಣಿಯುತ್ತಿತ್ತು. ಮದುವೆ ಗೊತ್ತಾದ ಸಂಜೆಯೇ ಫೋನು ಮಾಡಿ ಅಪ್ಪಣೆ ಕೊಟ್ಟಿತು.

"ದೊಡ್ಡಮ್ಮ, ಬಾಗಿಲ್ದಾಗೆ ನಿನ್ನ ದಪ್ಪಸಣ್ಣಾನೇ ಇರ್ಬೇಕು. ಹಿಂದ್ಗಡೆ ಬಟ್ಟೆ ಗಿಟ್ಟೆ ಕಟ್ಟಂಗಿಲ್ಲ. ಕಮಾನಿನ ಮ್ಯಾಲೆ ಬರೀ ಅಕ್ಷರ ನಿಂತಿರ್ಬೇಕು, ಸಂದಿನಾಗೆ ಆಕಾಶ ಕಾಣ್ಬೇಕು. ಸಣ್ಣದು ದಾರ ಇದ್ದಂಗಿರ್ಲಿ."

"ನಿಮ್ಮೂರ್ ಗಾಳಿ ಗೊತ್ತೈತೇನೇ ನಿಂಗೆ?" ಎಂದೆ.

"ಅದೆಲ್ಲ ನಂಗೊತ್ತಿಲ್ಲ. ನಿನ್ ಕೈಯಾಗೆ ಆಯ್ತದೆ."

ಇಬ್ಬರ ಹೆಸರನ್ನೂ ನಾನು ಇಲ್ಲಿ ಹೇಳುವುದಿಲ್ಲ. ಎರಡು ಹೆಸರಲ್ಲೂ ಎನ್ ಇತ್ತು, ಅದು ನನ್ನ ಗ್ರಹಚಾರ. ಆದರೂ ಆ ಹುಡುಗಿ ಕೇಳಿದ ರೀತಿಗೆ ಬಹಳ ದಿನದ ಮೇಲೆ ನನಗೆ ಕೆಲಸದ ಮೇಲೆ ಆಸೆ ಹುಟ್ಟಿತು. ಇದೊಂದು ಹೆಸರನ್ನು ನನ್ನ ಹೆಸರು ಹೇಳಿಕೊಂಡು ನಿಲ್ಲಿಸಬೇಕು ಎನ್ನಿಸಿತು. ಮಿಕ್ಕಿದ್ದೆಲ್ಲ ಹೇಗಾದರೂ ಹೋಗಲಿ.

ಆಷಾಢದಲ್ಲಿ ತಂಗಿ ಲಗ್ನಪತ್ರಿಕೆ ಹಿಡಿದು ಹಿಂದೂಪುರಕ್ಕೆ ಬಂದಳು. ಟೀ ಕುಡಿದಳು, ಇನ್ನೊಂದು ಲೋಟ ಕುಡಿದಳು, ಎದ್ದು ಹೊರಡುವವಳು ಮತ್ತೆ ಕೂತಳು.

"ಅಕ್ಕ, ಒಂದ್ ಮಾತೈತೆ. ಬೇಜಾರ್ ಮಾಡ್ಕಬ್ಯಾಡ."

"ಬೇಜಾರ್ ಮಾಡ್ಕಣಾಕೂ ಪುರುಸೊತ್ತಿಲ್ಲ. ಹೇಳು."

"ಅಕ್ಷರ ನೀನೇ ಮಾಡು, ಬ್ಯಾಡ ಅನ್ನಲ್ಲ. ಆದ್ರೆ ನೀನು ಮಾಡಿದ್ದು ಅಂತ ಯಾರ್ಗೂ ಹೇಳಾದ್ ಬ್ಯಾಡ. ಡೆಕೋರೇಷನ್ನೋರು ತಂದ್ರು ಅಂತ ಇರ್ಲಿ. ಗಂಡಿನ ಅಜ್ಜಿ ಐತಲ್ಲ, ಪ್ರತಿಯೊಂದೂ ವಿಚಾರಿಸ್ತೈತೆ. ನಾಳೆ ಏನಾನ ಹೆಚ್ಚುಕಮ್ಮಿ ಆದ್ರೆ ಮಗಳ್ನ ಅಂತಾರೆ. ನಂಗೆ ಭಯ ಆಯ್ತದೆ ಕಣಕ್ಕ."

ನಾನು ಲೋಟಗಳನ್ನು ಜೋಡಿಸುತ್ತಾ "ಆಯ್ತು" ಎಂದೆ.

"ಇನ್ನೊಂದು. ಆ ಪರಕೆ ಕಡ್ಡಿ ಬ್ಯಾಡ. ಬೇರೆ ಯಾರ್ ಮದ್ವೆಗಾನ ಹಾಕ್ಕ. ನನ್ ಮಗೀಗೆ ಬ್ಯಾಡ."

ಅದಕ್ಕೂ ಆಯ್ತು ಅಂದೆ. ಅವಳು ಬಸ್ ಸ್ಟ್ಯಾಂಡಿಗೆ ಹೋದ ಮೇಲೆ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ, ಹಾಗೇ ನೆಲದ ಮೇಲೆ ಮಲಗಿಬಿಡೋಣ ಅನ್ನಿಸಿತು. ಹೊರಗಿನವರು ಅಂದಿದ್ದರೆ ತಿರುಗಿಸಿ ಒಂದು ಮಾತು ಹೇಳುತ್ತಿದ್ದೆ. ಒಂದೇ ಹಾಳೆಯ ಚೌಕಗಳಿಗೆ ಬಣ್ಣ ತುಂಬಿ ಬೆಳೆದವಳು ನನ್ನ ಕೈಗೆ ಹೆದರುತ್ತಾಳೆ ಅನ್ನುವುದು ನನಗೆ ತುಂಬ ನೋವು ಮಾಡಿತು. ಅವಳ ಭಯ ಸುಳ್ಳಲ್ಲ ಎಂಬುದೂ ಗೊತ್ತಿತ್ತು. ಜನ ಮಾತಾಡುತ್ತಾರೆ, ಮಾತಾಡಿಸಿಕೊಳ್ಳುವುದು ಹುಡುಗಿ. ಈ ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಅಕ್ಷರ ಕತ್ತರಿಸಲು ಕೂತೆ.

ಪೊರಕೆ ಕಡ್ಡಿಯ ಬದಲು ಊದುಬತ್ತಿಯ ಕಡ್ಡಿ ಹಾಕಿದೆ. ಪೂಜೆ ಮುಗಿದ ಮೇಲೆ ಸ್ಟ್ಯಾಂಡಿನಲ್ಲಿ ಉಳಿಯುವ ಕಡ್ಡಿಗಳನ್ನು ಕೂಡಿಟ್ಟು, ಎರಡೆರಡು ಜೋಡಿಸಿ ತೂರಿಸಿದೆ. ಶುಭವೇನೋ ಶುಭವೇ, ಆದರೆ ಗಿಡ್ಡ ಕಡ್ಡಿ, ಬಾಗು ಅಂದರೆ ಪಟಕ್ಕನೆ ಮುರಿಯುತ್ತದೆ. ಸಣ್ಣ ಗೆರೆಯನ್ನು ಸ್ವಲ್ಪ ದಪ್ಪ ಮಾಡಿಬಿಡೋಣ ಎಂದು ಪೆನ್ಸಿಲ್ ಹಿಡಿದು ಯೋಚಿಸಿದೆ. ಹಾಗೆ ಮಾಡಿದರೆ ಅದು ಮೇನ್ ರೋಡಿನ ಫ್ಲೆಕ್ಸ್ ಅಕ್ಷರದ ಹಾಗೆ ಆಗುತ್ತಿತ್ತು, ಹುಡುಗಿ ಕೇಳಿದ್ದು ಆಗುತ್ತಿರಲಿಲ್ಲ. ದಾರದಷ್ಟೇ ಇಟ್ಟೆ. ಬಿಳಿಯ ಮೇಲೆ ಬಂಗಾರದ ಪುಡಿ ಹಾಕಿ ಗೋಡೆಗೆ ಸಾಲಾಗಿ ಒರಗಿಸಿದಾಗ ನನಗೇ ಕಣ್ಣು ಕೀಳಲಾಗಲಿಲ್ಲ. ಅಷ್ಟು ಚೆಂದದ ಎನ್ ಅನ್ನು ನಾನು ಹಿಂದೆಂದೂ ಮಾಡಿರಲಿಲ್ಲ.

ಡೆಕೋರೇಷನ್ನಿನವನು ಮದುವೆಯ ಹಿಂದಿನ ದಿನವೇ ಬಂದು ಅಕ್ಷರಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಒಯ್ದ. ನಾನು ಮದುವೆಯ ದಿನ ಮಧ್ಯಾಹ್ನ ಬಸ್ಸಿನಲ್ಲಿ ಹೋದೆ, ಮುಹೂರ್ತ ಇದ್ದದ್ದು ರಾತ್ರಿಗೆ. ನಮ್ಮನೆಯವರ ಜೊತೆ ಆ ದಾರಿಯಲ್ಲಿ ಹೋಗುವಾಗೆಲ್ಲ ತೊಡೆಯ ಮೇಲೆ ಒಂದಲ್ಲ ಒಂದು ಅಕ್ಷರ ಇರುತ್ತಿತ್ತು, ಪಕ್ಕದವರು "ಇದೇನಮ್ಮ" ಎಂದು ಕೇಳುತ್ತಿದ್ದರು. ಈ ಸಲ ಬರಿಗೈ. ಕಿಟಕಿಯ ಹೊರಗೆ ಗಾಳಿಯಂತ್ರಗಳ ರೆಕ್ಕೆಗಳು ಜೋರಾಗಿ ತಿರುಗುತ್ತಿದ್ದವು.

ಛತ್ರದ ಮುಂದೆ ಇಳಿದಾಗ ಕಬ್ಬಿಣದ ಕಮಾನಿನ ಮೇಲೆ ಅಕ್ಷರಗಳು ನಿಂತಿದ್ದವು. ಹಿಂದೆ ಆಕಾಶ. ಹುಡುಗಿ ಹೇಳಿದ್ದು ಸರಿಯಾಗಿತ್ತು, ಹಾಗೆ ನೋಡಿದರೇನೇ ಅದರ ಅಂದ. ಒಳಗೆ ಹೋಗುತ್ತಿದ್ದ ನೆಂಟರ ಹೆಂಗಸೊಬ್ಬಳು "ಎಂತ ಬಾಗುಂದೋ ಚೂಡು" ಎಂದು, ಎಷ್ಟು ಚೆನ್ನಾಗಿದೆ ನೋಡು ಅಂತ, ಇನ್ನೊಬ್ಬಳಿಗೆ ತೋರಿಸಿದಳು. ನಾನು ಸುಮ್ಮನೆ ಒಳಗೆ ಹೋಗಿ, ಹಸೆಯ ಕಡೆ ಹೋಗದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಕಮಾನು ಕಾಣುತ್ತಿತ್ತು. ತಂಗಿ ರೇಷ್ಮೆ ಸೀರೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಒಂದು ಸಲ ನನ್ನ ಕಡೆ ನೋಡಿ ಬೇಗ ಮುಖ ತಿರುಗಿಸಿದಳು.

ಸಂಜೆ ಗಂಡಿನವರು ಬರುವ ಹೊತ್ತಾಯಿತು. ವ್ಯಾನು ಬಸ್ ಸ್ಟ್ಯಾಂಡ್ ದಾಟಿತು ಎಂದು ಫೋನು ಬಂದು, ಓಲಗದವರು ಬಾಗಿಲಿಗೆ ಬಂದು ನಿಂತರು. ಗಾಳಿಯೂ ಅವರ ಜೊತೆಯಲ್ಲೇ ಹೊರಟಂತೆ ಬಂತು. ಮೊದಲು ಹೂವಿನ ಸರಗಳು ಅಡ್ಡಡ್ಡಲಾಗಿ ಹಾರಿದವು. ಆಮೇಲೆ ನನಗೆ ಗೊತ್ತಿದ್ದ ಆ ಸದ್ದು, ಟಕ್ ಎಂದು, ಯಾರೋ ಬೆರಳು ನೆಟಿಗೆ ತೆಗೆದ ಹಾಗೆ. ಹುಡುಗಿಯ ಹೆಸರಿನ ಎನ್ ಒಂದು ಕಾಲು ಮುರಿದುಕೊಂಡು, ಆ ದೊಡ್ಡ ದಿಂಡಿನ ಸಮೇತ ಪಕ್ಕದ ಅಕ್ಷರದ ಮೇಲೆ ವಾಲಿತು. ಪಕ್ಕದ್ದೂ ಅಲ್ಲಾಡತೊಡಗಿತು. ಒಂದು ಬಿದ್ದರೆ ಸಾಲಾಗಿ ಎಲ್ಲವೂ ಬೀಳುತ್ತವೆ.

ಹೆಂಗಸರು "ಅಯ್ಯೋ, ಹುಡುಗಿ ಹೆಸರು" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ತಂಗಿ ಹೊರಗೆ ಓಡಿಬಂದಳು. ಡೆಕೋರೇಷನ್ನಿನವನು ತನ್ನ ಆಳುಗಳನ್ನು ಕರೆದುಕೊಂಡು ಇನ್ನೊಂದು ಛತ್ರಕ್ಕೆ ಹೋಗಿದ್ದ. ಫೋನು ಮಾಡಿದರೆ "ಐದೇ ನಿಮಿಷ, ಬಂದ್ಬುಟ್ಟೆ" ಎಂದ. ಅವನ ಐದು ನಿಮಿಷ ನನಗೆ ಚೆನ್ನಾಗಿ ಗೊತ್ತು. ಏಣಿ ಮಾತ್ರ ಗೋಡೆಗೆ ಒರಗಿತ್ತು, ಅದರ ಪಕ್ಕದಲ್ಲಿ ಛತ್ರ ಗುಡಿಸುವ ಕಡ್ಡಿ ಪೊರಕೆ.

ನಾನು ಎದ್ದು ನಿಂತೆ, ಮತ್ತೆ ಕೂತೆ. ಹೇಳಬಾರದು ಎಂದು ಮಾತು ಕೊಟ್ಟಿದ್ದೆ. ಮೊಣಕಾಲು ನೋವು ಬೇರೆ. ಏನಾದರೂ ಆಗಲಿ, ಇವರ ಮದುವೆ, ಇವರ ಗಾಳಿ ಎಂದುಕೊಂಡೆ. ಅಷ್ಟರಲ್ಲಿ ಎನ್ ಇನ್ನೂ ಸ್ವಲ್ಪ ಕೆಳಗೆ ಜಾರಿತು. ಒಳಗೆ ಕೂತಿದ್ದ ಹುಡುಗಿಗೆ ಇದು ಗೊತ್ತಾಗಿರಲಿಲ್ಲ. ಗೊತ್ತಾದಾಗ ಅವಳ ಮುಖ ಹೇಗಾಗುತ್ತದೆಂದು ಯೋಚಿಸಿದೆ, ಅಷ್ಟೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಏಣಿಯನ್ನು ಕಮಾನಿಗೆ ಹಚ್ಚಿದೆ. ಸುತ್ತಲಿನವರು ನೋಡಿದರು. ಯಾರೂ ಮುಂದೆ ಬರಲಿಲ್ಲ, ಯಾರೂ ತಡೆಯಲೂ ಇಲ್ಲ. ಹತ್ತುವಾಗ ಏಣಿ ಗಾಳಿಗೆ ಅಲುಗಾಡುತ್ತಿತ್ತು.

ಮೇಲೆ ಹೋಗಿ ಎಡಗೈಯಲ್ಲಿ ದಿಂಡನ್ನು ಎತ್ತಿ ಹಿಡಿದೆ. ಮುರಿದ ಕಾಲಿನಿಂದ ಊದುಬತ್ತಿಯ ಕಡ್ಡಿಗಳು ಹಲ್ಲಿನ ಹಾಗೆ ಹೊರಗೆ ಇಣುಕುತ್ತಿದ್ದವು. ಆಗ ನೆನಪಾಯಿತು, ಹತ್ತುವ ಆತುರದಲ್ಲಿ ಕಡ್ಡಿ ತೆಗೆದುಕೊಂಡೇ ಬಂದಿರಲಿಲ್ಲ. ಬರಿಗೈಯಲ್ಲಿ ಹತ್ತಿದ್ದೆ. ಇಳಿಯೋಣವೆಂದರೆ ಕೈ ಬಿಟ್ಟ ತಕ್ಷಣ ಅಕ್ಷರ ಬೀಳುತ್ತದೆ. ಓಲಗ ಶುರುವಾಯಿತು, ವ್ಯಾನು ಬಂದು ನಿಂತ ಸದ್ದು, ಬಾಗಿಲು ಸರಿಯುವ ಸದ್ದು. ಕಮಾನನ್ನು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ.

ಏಣಿ ಅಲುಗಾಡುವುದು ನಿಂತಿತು. ಕೆಳಗೆ ನೋಡಿದೆ. ತಂಗಿ ಏಣಿಗೆ ಮೈ ಒತ್ತಿ ನಿಂತಿದ್ದಳು. ರೇಷ್ಮೆ ಸೀರೆ, ಕೈ ತುಂಬ ಹಸಿರು ಬಳೆ, ಕಂಕುಳಲ್ಲಿ ಛತ್ರದ ಪೊರಕೆ. ಅದರಿಂದ ಒಂದು ಕಡ್ಡಿ ಹಿರಿದು ಮೇಲಕ್ಕೆ ಚಾಚಿದಳು.

"ತಗಾ ಅಕ್ಕ."

ತಗೊಂಡೆ. ತುದಿಯನ್ನು ಹಲ್ಲಲ್ಲಿ ಕಡಿದು ಚೂಪು ಮಾಡಿ, ದಿಂಡಿನೊಳಗಿಂದ ಕಾಲಿನೊಳಕ್ಕೆ ತೂರಿಸಿದೆ. ಅವಳ ಹಿಂದೆಯೇ ಒಂದು ಮುದಿ ದನಿ ಕೇಳಿಸಿತು, ನಿಧಾನವಾಗಿ, ಪ್ರತಿಯೊಂದನ್ನೂ ವಿಚಾರಿಸುವವರ ದನಿ.

"ಪೈನ ಎವರಮ್ಮಾ ಆಯಮ್ಮ?"

ಮೇಲಿರುವವಳು ಯಾರು ಎಂದು. ನಾನು ಕಡ್ಡಿಯನ್ನು ಅರ್ಧಕ್ಕೆ ನಿಲ್ಲಿಸಿದೆ. ಓಲಗ ಊದುತ್ತಲೇ ಇತ್ತು. ತಂಗಿ ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅವಳ ಬಳೆಗಳು ಏಣಿಗೆ ತಾಗಿ ಗಿಲಿಗಿಲಿ ಅಂದವು.

"ನಮ್ಮಕ್ಕ ಕಣಮ್ಮ" ಎಂದಳು. "ಒಡಹುಟ್ಟಿದ ಅಕ್ಕ. ಈ ಅಕ್ಷರ ಎಲ್ಲಾ ಆಕೇನೆ ಮಾಡಿದ್ದು."

ಅಜ್ಜಿ ಯಾವ ಮುಖ ಮಾಡಿದರೋ ನನಗೆ ಗೊತ್ತಿಲ್ಲ, ನನ್ನ ಮುಖ ಕಮಾನಿನ ಕಡೆಗಿತ್ತು, ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ಕೈಯನ್ನು ಕೆಳಕ್ಕೆ ಚಾಚಿದೆ.

"ಇನ್ನೊಂದು ಕೊಡು" ಎಂದೆ.

ಕೊಟ್ಟಳು.